ಬಾವಿಯೂ ಇರಲಿ, ನಲ್ಲಿಯೂ ಇರಲಿ

ಅಕ್ಕನ ಮಗಳು ಕಾಲೇಜಿಗೆಂದು ಹೊಸ ಲ್ಯಾಪ್‌ಟಾಪ್ ಕೊಂಡಳು. ಮನೆಗೆ ತಂದ ದಿನ ಅದನ್ನು ತೊಡೆಯ ಮೇಲಿಟ್ಟುಕೊಂಡು ನಾನು ಮೊದಲು ಹುಡುಕಿದ್ದು ವರ್ಡ್ ಎಲ್ಲಿದೆ ಎಂದು. ಇರಲಿಲ್ಲ. "ಹಾಕಿಸಿಕೊಂಡಿಲ್ವಾ?" ಅಂತ ಕೇಳಿದೆ. "ಅದ್ಯಾಕೆ ಮಾಮ, ಬ್ರೌಸರ್ ಇದೆಯಲ್ಲ" ಅಂದಳು. ಪಾಠದ ಟಿಪ್ಪಣಿ, ಪ್ರಾಜೆಕ್ಟಿನ ವರದಿ, ಗೆಳತಿಯರ ಜೊತೆ ಹೋದ ಪ್ರವಾಸದ ಖರ್ಚಿನ ಲೆಕ್ಕ ಎಲ್ಲವೂ ಅವಳಿಗೆ ಬ್ರೌಸರಿನ ಒಂದೊಂದು ಟ್ಯಾಬ್. ಅದೇ ವಾರ ನನ್ನ ಪುಸ್ತಕದ ಪುಟ ಕಟ್ಟುವ ಡಿಟಿಪಿಯವರು ಫೋನ್ ಮಾಡಿದರು. "ಸಾರ್, ನೀವು ಕಳಿಸಿರೋ ಲಿಂಕ್ ಇಲ್ಲಿ ಓಪನ್ ಆಗಲ್ಲ, ಈ ಸಿಸ್ಟಮ್ಮಿಗೆ ನೆಟ್ ಕೊಟ್ಟಿಲ್ಲ. ಪೆನ್‌ಡ್ರೈವಲ್ಲಿ ತನ್ನಿ. ಯುನಿಕೋಡ್ ಬೇಡ, ನುಡೀಲಿ ಕೊಡಿ."

ಎರಡು ಮಾತೂ ನನ್ನ ತಲೆಯಲ್ಲಿ ಕೂತವು. ಒಬ್ಬಳಿಗೆ ಕಂಪ್ಯೂಟರಿನೊಳಗೆ ಏನೂ ಇರಬೇಕಾಗಿಲ್ಲ. ಇನ್ನೊಬ್ಬರಿಗೆ ಕಂಪ್ಯೂಟರಿನ ಹೊರಗೆ ಏನೂ ಬೇಕಾಗಿಲ್ಲ. ಇಬ್ಬರೂ ತಮ್ಮ ಕೆಲಸವನ್ನು ಚೆನ್ನಾಗಿ ಬಲ್ಲವರೇ. ಹಾಗಾದರೆ ಕಚೇರಿ ಕೆಲಸದ ತಂತ್ರಾಂಶ ಮನೆಯೊಳಗಿನ ಪೆಟ್ಟಿಗೆಯಲ್ಲಿ ಇರಬೇಕೋ, ಎಲ್ಲೋ ದೂರದ ಸರ್ವರಿನಲ್ಲಿ ಇದ್ದರೆ ಸಾಕೋ? ಇದು ಬರೀ ಕಂಪ್ಯೂಟರಿನವರ ಚರ್ಚೆ ಎಂದು ಬಿಡುವಂತಿಲ್ಲ. ಕನ್ನಡದಲ್ಲಿ ನಾಲ್ಕು ಸಾಲು ಬರೆಯುವ, ಸಂಘದ ಜಮಾಖರ್ಚು ಇಡುವ, ಮಕ್ಕಳಿಗೆ ಪ್ರಶ್ನೆಪತ್ರಿಕೆ ತಯಾರಿಸುವ ಎಲ್ಲರನ್ನೂ ಇದು ಮುಟ್ಟುತ್ತದೆ.

ನನ್ನ ವಯಸ್ಸಿನವರು ಕೀಲಿಮಣೆಯ ಮೇಲೆ ಕೈಯಿಟ್ಟದ್ದು ವರ್ಡ್‌ಸ್ಟಾರ್ ಕಾಲದಲ್ಲಿ. 1978ರಲ್ಲಿ ಹೊರಬಂದ ತಂತ್ರಾಂಶ ಅದು. ನಮ್ಮ ಊರಿನ ಕಂಪ್ಯೂಟರ್ ತರಗತಿಗೆ ಬರುವ ಹೊತ್ತಿಗೆ ಹಳೆಯದಾಗಿತ್ತು, ನಮಗೆ ಮಾತ್ರ ಹೊಸತು. ಮೌಸ್ ಇಲ್ಲ. ಕಂಟ್ರೋಲ್ ಕೀಲಿ ಒತ್ತಿ ಹಿಡಿದು ಕೆ, ಆಮೇಲೆ ಎಸ್ ಒತ್ತಿದರೆ ಬರೆದದ್ದು ಉಳಿಯುತ್ತಿತ್ತು. ಫ್ಲಾಪಿಯನ್ನು ಕಾಗದದ ಚೀಲದಲ್ಲಿಟ್ಟು, ಬಿಸಿಲಿಗೆ ಬೀಳದ ಹಾಗೆ ಜೋಪಾನವಾಗಿ ಮನೆಗೆ ತರುತ್ತಿದ್ದೆವು. ಬರೆದದ್ದು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಕೈಯೆತ್ತಿ ತೋರಿಸಬಹುದಿತ್ತು: ಇಗೋ, ಈ ಫ್ಲಾಪಿಯಲ್ಲಿದೆ. ಆಮೇಲೆ ವಿಂಡೋಸ್ ಬಂತು, ವರ್ಡ್ ಬಂತು, ಎಕ್ಸೆಲ್ ಬಂತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಜೋಡಿಸಿ ಕಂಪ್ಯೂಟರ್ ಮಾಡಿಸಿಕೊಂಡವರಿಗೆ ಆಫೀಸ್ ತಂತ್ರಾಂಶ ಅದರ ಜೊತೆಗೇ ಬರುವ ಸಾಮಾನು ಎಂಬ ಭಾವನೆ ಬೆಳೆದುಬಿಟ್ಟಿತು. ಅದಕ್ಕೊಂದು ಬೆಲೆ ಇದೆ, ಪರವಾನಗಿ ಇದೆ ಎಂಬುದು ಅನೇಕರಿಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಕನ್ನಡ ಬರೆಯುವವರಿಗೆ ಮಾತ್ರ ಆ ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ ಇತ್ತು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂತು, ಕನ್ನಡ ಗಣಕ ಪರಿಷತ್ತಿನ ನುಡಿ ಬಂತು, ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ನಮ್ಮ ಬೆರಳಿಗೆ ಕೂತುಕೊಂಡಿತು. ಈ ಮೂರಕ್ಕೂ ನಾನು ಋಣಿ. ಅವು ಇಲ್ಲದಿದ್ದರೆ ನನ್ನಂಥವರು ಕಂಪ್ಯೂಟರಿನಲ್ಲಿ ಕನ್ನಡ ಬರೆಯುತ್ತಲೇ ಇರಲಿಲ್ಲ. ಆದರೆ ಆಗಿನ ಅಕ್ಷರಗಳು ಇಂಗ್ಲಿಷಿನ ಸಂಕೇತಗಳಿಗೆ ಕನ್ನಡದ ವೇಷ ತೊಡಿಸಿದವು. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡ. ಇಲ್ಲದ ಕಡೆ ವೇಷ ಕಳಚಿ ಬೀಳುತ್ತಿತ್ತು. 'ಕನ್ನಡ' ಎಂಬ ಪದವೇ ಒಂದು ಪಿ, ತಲೆಯ ಮೇಲೆ ಗೀಟಿರುವ ಒಂದು ಎ, ಪೌಂಡ್ ನಾಣ್ಯದ ಗುರುತು ಹೀಗೆ ಚೆಲ್ಲಾಪಿಲ್ಲಿಯಾಗಿ ಕಾಣುತ್ತಿತ್ತು. ಲೇಖನ ಮಿಂಚಂಚೆಯಲ್ಲಿ ಕಳಿಸುವಾಗ ಫಾಂಟನ್ನೂ ಜೊತೆಗೆ ಕಟ್ಟಿ ಕಳಿಸುತ್ತಿದ್ದೆವು, ಊರಿಗೆ ಹೋಗುವ ಮಗುವಿನ ಜೊತೆ ಬುತ್ತಿ ಕಟ್ಟುವ ಹಾಗೆ. ಆ ಬರಹವನ್ನು ಅಂತರಜಾಲದಲ್ಲಿ ಹುಡುಕಿದರೆ ಸಿಗುತ್ತಿರಲಿಲ್ಲ, ಏಕೆಂದರೆ ಯಂತ್ರದ ಪಾಲಿಗೆ ಅದು ಕನ್ನಡವೇ ಆಗಿರಲಿಲ್ಲ.

ಯುನಿಕೋಡ್ ಕನ್ನಡಕ್ಕೆ ಜಾಗ ಕೊಟ್ಟದ್ದು 1991ರಲ್ಲೇ. ವಿಂಡೋಸ್ ಕನ್ನಡವನ್ನು ತೋರಿಸಲು ಕಲಿತದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನ ಜೊತೆಗೆ. ಆದರೂ ಜನ ವರ್ಡಿನಲ್ಲಿ ಹಳೆಯ ಫಾಂಟಿಗೇ ಅಂಟಿಕೊಂಡಿದ್ದರು. ಅವರನ್ನು ಯುನಿಕೋಡಿಗೆ ಎಳೆದು ತಂದದ್ದು ಜಾಲ ಎಂದು ನಾನು ನಂಬುತ್ತೇನೆ. ಬ್ಲಾಗು, ವಿಕಿಪೀಡಿಯ, ಮಿಂಚಂಚೆ ಇವು ಯಾವುದರಲ್ಲೂ ವೇಷದ ಕನ್ನಡ ನಡೆಯುತ್ತಿರಲಿಲ್ಲ. ಬ್ರೌಸರಿನೊಳಗೆ ಬರೆಯತೊಡಗಿದ ಮೇಲೆ ಫಾಂಟಿನ ಬುತ್ತಿ ಕಟ್ಟುವುದು ತಪ್ಪಿತು. ಇವತ್ತು ಗೂಗಲ್ ಡಾಕ್ಸ್‌ನಲ್ಲಿ ಫಾಂಟಿನ ಪಟ್ಟಿ ತೆರೆದರೆ ನೋಟೋ ಇದೆ, ಹುಬ್ಬಳ್ಳಿ ಇದೆ, ಬೆಣ್ಣೆ ಇದೆ, ಬಾಲೂ ತಮ್ಮ ಇದೆ. ಮೈಕಿನ ಗುರುತು ಒತ್ತಿ ಮಾತಾಡಿದರೆ ಕನ್ನಡದಲ್ಲೇ ಬರೆದುಕೊಳ್ಳುತ್ತದೆ. ಕೀಲಿಮಣೆ ಮುಟ್ಟದ ಹಿರಿಯರೊಬ್ಬರು ತಮ್ಮ ಊರಿನ ಕೆರೆಗಳ ಕಥೆಯನ್ನು ಹೀಗೆ ಮಾತಾಡಿಯೇ ಮೂವತ್ತು ಪುಟ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಲಬುರಗಿಯ ಕಡೆಯ ಮಾತಿನಲ್ಲಿ ಅಲ್ಲಲ್ಲಿ ತಪ್ಪಿತ್ತು, ತಿದ್ದಬೇಕಾಯಿತು. ಆದರೂ ಆ ಮೂವತ್ತು ಪುಟ ಬೇರೆ ಯಾವ ದಾರಿಯಲ್ಲೂ ಬರುತ್ತಿರಲಿಲ್ಲ.

ಹೀಗೆ ಬ್ರೌಸರಿನಲ್ಲಿ ಬರೆಯುವ ಈ ಪದ್ಧತಿ ಹುಟ್ಟಿದ್ದು 2005ರ ಸುಮಾರಿಗೆ. ಅಮೆರಿಕದಲ್ಲಿ ಸ್ಯಾಮ್ ಶಿಲೇಸ್ ಮತ್ತು ಸಂಗಡಿಗರು ರೈಟ್‌ಲಿ ಎಂಬುದನ್ನು ಮಾಡಿದರು. 2006ರ ಮಾರ್ಚಿನಲ್ಲಿ ಗೂಗಲ್ ಅದನ್ನು ಕೊಂಡಿತು, ಅದೇ ಬೆಳೆದು ಡಾಕ್ಸ್ ಆಯಿತು. ನಮ್ಮ ಪಕ್ಕದ ಚೆನ್ನೈಯಲ್ಲಿ ಶ್ರೀಧರ್ ವೆಂಬು ಅವರ ಕಂಪನಿ ಜೋಹೊ ರೈಟರ್ ತಂದದ್ದೂ 2005ರಲ್ಲೇ. ಕೇಂದ್ರದ ಐಟಿ ಮಂತ್ರಿ ಅಶ್ವಿನಿ ವೈಷ್ಣವ್ ಅವರು 2025ರ ಸೆಪ್ಟೆಂಬರಿನಲ್ಲಿ ತಮ್ಮ ದಾಖಲೆ, ಲೆಕ್ಕದ ಹಾಳೆ, ಪ್ರೆಸೆಂಟೇಶನ್‌ಗಳಿಗೆ ಜೋಹೊ ಬಳಸುವುದಾಗಿ ಹೇಳಿದ ಮೇಲೆ ಅನೇಕರು ಆ ಹೆಸರನ್ನು ಮೊದಲ ಸಲ ಕೇಳಿದರು. ಇಪ್ಪತ್ತು ವರ್ಷ ಸದ್ದಿಲ್ಲದೆ ದುಡಿದವರಿಗೆ ಆ ಮನ್ನಣೆ ತಡವಾಗಿ ಬಂತು. ಮೈಕ್ರೋಸಾಫ್ಟ್ ಕೂಡ 2010ರಲ್ಲಿ ತನ್ನ ವರ್ಡ್, ಎಕ್ಸೆಲ್‌ಗಳನ್ನು ಬ್ರೌಸರಿಗೆ ಇಳಿಸಿತು, ಮರುವರ್ಷ ಆಫೀಸ್ 365 ಎಂದು ಚಂದಾ ಲೆಕ್ಕದಲ್ಲಿ ಕೊಡತೊಡಗಿತು.

ಆದರೆ ಇದರ ಬೀಜ ಇನ್ನೂ ಹಿಂದಿನದು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರ್ ಸಭೆಯ ಮುಂದೆ ಕೂತು, ಸುಮಾರು 48 ಕಿಲೋಮೀಟರ್ ದೂರದ ಮೆನ್ಲೋ ಪಾರ್ಕಿನಲ್ಲಿದ್ದ ಸಹೋದ್ಯೋಗಿಯ ಜೊತೆ ಒಂದೇ ಪರದೆಯ ಮೇಲಿನ ಬರಹದಲ್ಲಿ ಒಟ್ಟಿಗೆ ಕೆಲಸ ಮಾಡಿ ತೋರಿಸಿದ. ಮೌಸನ್ನು ಲೋಕ ಮೊದಲು ಕಂಡದ್ದೂ ಅದೇ ದಿನ. ಮುಂದೆ ಇಬ್ಬರು ಒಂದೇ ಕ್ಷಣದಲ್ಲಿ ಒಂದೇ ಸಾಲನ್ನು ತಿದ್ದಿದರೆ ಏನಾಗಬೇಕು ಎಂಬ ತೊಡಕನ್ನು 1989ರಲ್ಲಿ ಕ್ಲಾರೆನ್ಸ್ ಎಲ್ಲಿಸ್ ಮತ್ತು ಗಿಬ್ಸ್ ಎಂಬಿಬ್ಬರು ಬಿಡಿಸಿದರು. ತೊಡಕು ಎಂಥದೆಂದು ಒಂದು ಸಾಲಿನಲ್ಲಿ ಹೇಳುತ್ತೇನೆ. 'ನಾಳೆ ಸಂಜೆ ಸಭೆ ಇದೆ' ಎಂದು ಬರೆದಿದೆ. ನೀವು ಶಿಕಾಗೋದಲ್ಲಿ ಕೂತು ಎರಡನೆಯ ಪದವನ್ನು ಹೊಡೆದುಹಾಕುತ್ತೀರಿ. ಅದೇ ಗಳಿಗೆಯಲ್ಲಿ ನಾನು ಶಿವಮೊಗ್ಗದಲ್ಲಿ ಕೂತು ಸಾಲಿನ ಮೊದಲಿಗೆ 'ದಯವಿಟ್ಟು ಗಮನಿಸಿ' ಎಂದು ಸೇರಿಸುತ್ತೇನೆ. ನಿಮ್ಮ ಆಜ್ಞೆ ನನ್ನಲ್ಲಿಗೆ ತಲುಪುವ ಹೊತ್ತಿಗೆ ಇಲ್ಲಿ ಎರಡನೆಯ ಪದ 'ಗಮನಿಸಿ' ಆಗಿರುತ್ತದೆ! ಹಾಗಾಗಿ ಯಂತ್ರ ಲೆಕ್ಕ ಹಾಕಿ, 'ಇವರು ಹೊಡೆಯಬೇಕೆಂದದ್ದು ಈಗ ನಾಲ್ಕನೆಯ ಪದ' ಎಂದು ಬದಲಿಸಿಕೊಳ್ಳುತ್ತದೆ. ಡಾಕ್ಸ್‌ನಲ್ಲಿ ನಾವು ನಾಲ್ಕು ಜನ ಜಗಳವಿಲ್ಲದೆ ಒಂದೇ ಪುಟ ತಿದ್ದುವುದರ ಹಿಂದೆ ಇರುವುದು ಈ ವಿಚಾರವೇ. ಈ ಕ್ಲಾರೆನ್ಸ್ ಎಲ್ಲಿಸ್ ಅಮೆರಿಕದ ಕರಿಯ ಸಮುದಾಯದಿಂದ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲಿಗರು, 1969ರಲ್ಲಿ. ಅವರ ಹೆಸರು ನಮ್ಮ ಎಂಜಿನಿಯರಿಂಗ್ ಹುಡುಗರಿಗೆ ತಿಳಿದಿರಬೇಕು ಎಂಬ ಆಸೆಯಿಂದ ಇಷ್ಟು ಹೇಳಿದೆ.

ಒಟ್ಟಿಗೆ ಬರೆಯುವುದರ ಸುಖ ನನಗೆ ಗೊತ್ತಾದದ್ದು ಒಂದು ಸ್ಮರಣ ಸಂಚಿಕೆಯಿಂದ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿ ತಂದದ್ದು. ಸಂಪಾದಕರು ಐದು ಜನ: ಇಬ್ಬರು ಊರಿನಲ್ಲಿ, ಒಬ್ಬ ಪುಣೆಯಲ್ಲಿ, ಒಬ್ಬಳು ನ್ಯೂಜೆರ್ಸಿಯಲ್ಲಿ, ಒಬ್ಬ ಸಿಂಗಪುರದಲ್ಲಿ. ಹಿಂದೆ ಆಗಿದ್ದರೆ 'ಸಂಚಿಕೆ ಕೊನೆಯದು', 'ಸಂಚಿಕೆ ಕೊನೆಯದು 2', 'ಸಂಚಿಕೆ ನಿಜವಾಗಿ ಕೊನೆಯದು' ಎಂದು ಹತ್ತು ಕಡತಗಳು ಮಿಂಚಂಚೆಯಲ್ಲಿ ಓಡಾಡಿ, ಯಾರು ತಿದ್ದಿದ್ದು ಯಾವುದರಲ್ಲಿದೆ ಎಂದು ಹುಡುಕುವುದರಲ್ಲೇ ತಿಂಗಳು ಕಳೆಯುತ್ತಿತ್ತು. ಈಗ ಒಂದೇ ದಾಖಲೆ. ನಾವು ರಾತ್ರಿ ಮಲಗುವ ಹೊತ್ತಿಗೆ ನ್ಯೂಜೆರ್ಸಿಯವಳು ಕೂರುತ್ತಿದ್ದಳು, ಬೆಳಗ್ಗೆ ಎದ್ದು ನೋಡಿದರೆ ಅಂಚಿನಲ್ಲಿ ಅವಳ ಟಿಪ್ಪಣಿ ಕಾದಿರುತ್ತಿತ್ತು: "ಈ ಮೇಷ್ಟ್ರ ಇನಿಶಿಯಲ್ ತಪ್ಪಾಗಿದೆ, ಅಪ್ಪನನ್ನು ಕೇಳಿ ಹೇಳುತ್ತೇನೆ." ಮೂವತ್ತು ವರ್ಷ ಭೇಟಿಯಾಗದ ಐವರು ಒಂದು ಪುಟದ ಮೇಲೆ ಕೂಡಿದೆವು. ಡೆಸ್ಕ್‌ಟಾಪಿನ ಯಾವ ತಂತ್ರಾಂಶವೂ ನಮಗೆ ಆ ಸುಖ ಕೊಟ್ಟಿರಲಿಲ್ಲ. ಇಷ್ಟರ ಮಟ್ಟಿಗೆ ಅಕ್ಕನ ಮಗಳದ್ದೇ ಗೆಲುವು. ಸಾಮಾನ್ಯ ಪತ್ರ, ವರದಿ, ಪಾಠದ ಟಿಪ್ಪಣಿ, ನೂರಿನ್ನೂರು ಸಾಲಿನ ಲೆಕ್ಕ ಇವಕ್ಕೆ ಬ್ರೌಸರ್ ಸಾಕೇ ಸಾಕು.

ಈಗ ನಮ್ಮ ಊರಿನ ಮನೆಯ ಬಾವಿಯ ಮಾತು ಹೇಳಬೇಕು. ಹಿತ್ತಲಿನಲ್ಲಿ, ಮಲ್ಲಿಗೆ ಬಳ್ಳಿಯ ಪಕ್ಕ, ಕಲ್ಲು ಕಟ್ಟಿದ ಬಾವಿ. ರಾಟೆಯ ಸದ್ದಿಗೇ ನಮಗೆ ಬೆಳಗಾಗುತ್ತಿದ್ದದ್ದು. ನಮ್ಮ ಬೀದಿಗೆ ನಲ್ಲಿ ಬಂದಾಗ ಹಬ್ಬವೇ ಆಯಿತು. ಅಮ್ಮನ ಅಂಗೈಯ ಹಗ್ಗದ ಗುರುತು ಮಾಸತೊಡಗಿತು. ಅದಕ್ಕಿಂತ ದೊಡ್ಡ ಉಪಕಾರ ಯಾವುದಿದ್ದೀತು? ಎರಡು ಮೂರು ವರ್ಷದೊಳಗೆ ಅಕ್ಕಪಕ್ಕದವರು ಬಾವಿಯ ಮೇಲೆ ಚಪ್ಪಡಿ ಎಳೆದರು, ಕೆಲವರು ಕಸ ತುಂಬಿ ಮೇಲೆ ಮಣ್ಣು ಹಾಕಿದರು. ಅಪ್ಪ ಮಾತ್ರ ಪ್ರತಿ ಬೇಸಿಗೆ ಆಳು ಇಳಿಸಿ ಹೂಳೆತ್ತಿಸುತ್ತಿದ್ದರು. ಒಂದು ಏಪ್ರಿಲ್‌ನಲ್ಲಿ ಮುಖ್ಯ ಕೊಳವೆ ಒಡೆದು ಹನ್ನೊಂದು ದಿನ ನಲ್ಲಿಯಲ್ಲಿ ನೀರಿಲ್ಲ. ಬೀದಿಯ ಹೆಂಗಸರೆಲ್ಲ ಕೊಡ ಹಿಡಿದು ನಮ್ಮ ಹಿತ್ತಲಿಗೆ ಬಂದರು. ಅಮ್ಮ ಮತ್ತೆ ಹಗ್ಗ ಹಿಡಿದರು.

ಜಾಲದ ತಂತ್ರಾಂಶ ನನಗೆ ಆ ನಲ್ಲಿಯ ಹಾಗೆ ಕಾಣುತ್ತದೆ. ತಿರುಗಿಸಿದರೆ ಬರುತ್ತದೆ, ಸೇದುವ ಕಷ್ಟವಿಲ್ಲ. ಆದರೆ ನೀರಿನ ಮೂಲ ನಮ್ಮ ಹಿತ್ತಲಿನಲ್ಲಿಲ್ಲ. 2020ರ ಡಿಸೆಂಬರ್ 14ರ ಸಂಜೆ ಐದೂಕಾಲರ ಸುಮಾರಿಗೆ ಗೂಗಲ್‌ನ ಸೇವೆಗಳು ಜಗತ್ತಿನಾದ್ಯಂತ ನಿಂತವು. ಬಳಕೆದಾರರು ಯಾರೆಂದು ಗುರುತಿಸುವ ವ್ಯವಸ್ಥೆಯಲ್ಲಿ ತೊಂದರೆಯಾಗಿ, ಡಾಕ್ಸ್, ಡ್ರೈವ್, ಜಿಮೇಲ್ ಎಲ್ಲವೂ ಮುಕ್ಕಾಲು ಗಂಟೆ ಬಾಗಿಲು ಹಾಕಿಕೊಂಡವು. ಮುಕ್ಕಾಲು ಗಂಟೆ ದೊಡ್ಡದಲ್ಲ ಎನ್ನಬಹುದು. ಆ ಸಂಜೆ ಪತ್ರಿಕೆಯ ಪುಟ ಮುಗಿಸಬೇಕಾದವರಿಗೆ ದೊಡ್ಡದೇ.

ಇನ್ನೊಂದು ಉದಾಹರಣೆ ಇದಕ್ಕಿಂತ ಗಂಭೀರವಾದದ್ದು. ಗುಜರಾತಿನ ವಾಡಿನಾರ್‌ನಲ್ಲಿ ತೈಲ ಶುದ್ಧೀಕರಣಾಗಾರ ನಡೆಸುವ ನಯಾರಾ ಎನರ್ಜಿಯಲ್ಲಿ ರಷ್ಯಾದ ಕಂಪನಿಯ ಪಾಲಿದೆ. 2025ರ ಜುಲೈನಲ್ಲಿ ಯುರೋಪಿನ ಒಕ್ಕೂಟ ಅದರ ಮೇಲೆ ನಿರ್ಬಂಧ ಹೇರಿತು. ಕೆಲವೇ ದಿನಗಳಲ್ಲಿ ಮೈಕ್ರೋಸಾಫ್ಟ್ ಆ ಕಂಪನಿಗೆ ಕೊಡುತ್ತಿದ್ದ ಸೇವೆ ನಿಲ್ಲಿಸಿತು. ನಯಾರಾ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು, ಆಮೇಲೆ ಸೇವೆ ಮರಳಿತು. ನಿರ್ಬಂಧ ಸರಿಯೋ ತಪ್ಪೋ ಎಂಬುದು ಬೇರೆ ವಿಚಾರ. ಭಾರತದ ನೆಲದಲ್ಲಿ, ಭಾರತದ ಕಾನೂನಿನಡಿ ನಡೆಯುವ ಕಚೇರಿಯ ಅಂಚೆ ಪೆಟ್ಟಿಗೆ ಬೇರೆ ಖಂಡದ ನಿರ್ಧಾರಕ್ಕೆ ಮುಚ್ಚಿಹೋಗಬಹುದು ಎಂಬುದು ಆ ವಾರ ಕಣ್ಣಿಗೆ ಕಟ್ಟಿತು. ತನ್ನ ಯಂತ್ರದಲ್ಲೇ ಕೂತಿರುವ ತಂತ್ರಾಂಶವನ್ನು ಹೀಗೆ ಒಂದು ಬೆಳಗ್ಗೆ ದೂರದಿಂದ ಆರಿಸುವುದು ಅಷ್ಟು ಸುಲಭವಲ್ಲ.

ಇನ್ನು ನೆಟ್‌ವರ್ಕ್. ಬೆಂಗಳೂರಿನಲ್ಲಿ ಕೂತು ಬ್ರೌಸರ್ ಸಾಕು ಎನ್ನುವವರು ಜುಲೈ ತಿಂಗಳಲ್ಲಿ ಒಂದು ವಾರ ತೀರ್ಥಹಳ್ಳಿ, ಸುಳ್ಯ, ಸಿದ್ದಾಪುರದ ಕಡೆ ಇದ್ದು ನೋಡಬೇಕು. ಮರ ಬಿದ್ದು ತಂತಿ ಹರಿದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ಟವರಿಲ್ಲ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಕಡೆಯ ಹಳ್ಳಿಯೊಂದರಲ್ಲಿ ಸುರಿವ ಮಳೆಯಲ್ಲಿ ರಸ್ತೆ ಬದಿ ಕೂತು ಹುಡುಗಿಯೊಬ್ಬಳು ಆನ್‌ಲೈನ್ ಪಾಠ ಕೇಳುತ್ತಿದ್ದಳು, ಅವಳಪ್ಪ ಕೊಡೆ ಹಿಡಿದು ನಿಂತಿದ್ದರು. ಆ ಚಿತ್ರ ನಾಡಿನ ಅನೇಕ ಪತ್ರಿಕೆಗಳಲ್ಲಿ ಬಂತು. ನನಗೆ ಆ ಕೊಡೆ ಮರೆಯುವುದಿಲ್ಲ. ನೆಟ್ ಇಲ್ಲದಾಗಲೂ ಬರೆಯುವ ಏರ್ಪಾಡು ಡಾಕ್ಸ್‌ನಲ್ಲಿ ಇದೆ, ನಿಜ. ಆದರೆ ಅದನ್ನು ನೆಟ್ ಇರುವಾಗಲೇ ಹೊಂದಿಸಿಟ್ಟುಕೊಂಡಿರಬೇಕು. ಮಳೆ ಶುರುವಾದ ಮೇಲೆ ಕೊಡೆ ಕೊಳ್ಳಲು ಪೇಟೆಗೆ ಹೋಗುವಂತಿಲ್ಲ.

ಲೆಕ್ಕದವರ ಲೋಕಕ್ಕೆ ಹೋದರೆ ಡೆಸ್ಕ್‌ಟಾಪ್ ಇನ್ನೂ ಗಟ್ಟಿಯಾಗಿ ಕೂತಿದೆ. ನಮ್ಮ ಬೆಂಗಳೂರಿನ ಟ್ಯಾಲಿಯನ್ನೇ ನೋಡಿ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ ಕಟ್ಟಿದ ಕಂಪನಿಯದು. ಚಿಕ್ಕಪೇಟೆಯ ಬಟ್ಟೆ ಅಂಗಡಿಯಿಂದ ಹಿಡಿದು ದಾವಣಗೆರೆಯ ಮಂಡಿಯವರೆಗೆ ಲೆಕ್ಕ ಬರೆಯುವವರ ಬೆರಳು ಮೌಸ್ ಮುಟ್ಟದೆ ಅದರ ಮೇಲೆ ಓಡುತ್ತದೆ. ಆ ವೇಗ ಬ್ರೌಸರಿನಲ್ಲಿ ಇನ್ನೂ ನನಗೆ ಕಂಡಿಲ್ಲ. ಜಿಎಸ್‌ಟಿ 2017ರ ಜುಲೈ 1ರಂದು ಬಂದಾಗಿನಿಂದ ರಿಟರ್ನ್ ಸಲ್ಲಿಸುವುದು ಜಾಲದಲ್ಲೇ. ಆದರೂ ಅದಕ್ಕೆ ಸರ್ಕಾರವೇ ಕೊಟ್ಟಿರುವ ಆಫ್‌ಲೈನ್ ಉಪಕರಣದಲ್ಲಿ ಮೊದಲು ಎಕ್ಸೆಲ್ ಹಾಳೆ ತುಂಬಿ, ಆಮೇಲೆ ಕಡತ ಮಾಡಿ ಏರಿಸಬಹುದು. ಎಷ್ಟೋ ಲೆಕ್ಕಿಗರ ರೂಢಿ ಅದೇ. ಎಕ್ಸೆಲ್‌ನ ಒಂದು ಹಾಳೆಯಲ್ಲಿ 10,48,576 ಸಾಲು, 16,384 ಕಂಬಸಾಲು ಹಿಡಿಯುತ್ತವೆ. ಗೂಗಲ್ ಶೀಟ್ಸ್‌ನಲ್ಲಿ ಇಡೀ ಕಡತಕ್ಕೆ 1 ಕೋಟಿ ಮನೆಗಳ ಮಿತಿ. ಸಂಘದ ಜಮಾಖರ್ಚಿಗೆ ಎರಡೂ ಸಮುದ್ರವೇ; ದೊಡ್ಡ ಕಂಪನಿಯ ವರ್ಷದ ವಹಿವಾಟಿಗೆ ವ್ಯತ್ಯಾಸ ತಿಳಿಯುತ್ತದೆ. ಹಾಗೆಂದು ಎಕ್ಸೆಲ್ ಏನೂ ತಪ್ಪು ಮಾಡದ ದೇವರಲ್ಲ. 2020ರ ಶರತ್ಕಾಲದಲ್ಲಿ ಇಂಗ್ಲೆಂಡಿನಲ್ಲಿ 65,536 ಸಾಲು ಮಾತ್ರ ಹಿಡಿಯುವ ಹಳೆಯ ಕಡತ ಮಾದರಿ ಬಳಸಿದ್ದರಿಂದ 15,841 ಕೋವಿಡ್ ಪ್ರಕರಣಗಳು ಹೊತ್ತಿಗೆ ಸರಿಯಾಗಿ ಲೆಕ್ಕಕ್ಕೆ ಸಿಗಲೇ ಇಲ್ಲ.

ಡಿಟಿಪಿಯವರಿಗೆ ಮರಳುತ್ತೇನೆ. ಅವರು ಯಾಕೆ ಯುನಿಕೋಡ್ ಬೇಡ ಅನ್ನುತ್ತಾರೆ? ಅವರ ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ 7. ಅದು ಹೊರಬಂದದ್ದು 2001ರಲ್ಲಿ. ಆಮೇಲೆ ಅದಕ್ಕೆ ಹೊಸ ಆವೃತ್ತಿಯೇ ಇಲ್ಲ. ಯುನಿಕೋಡ್ ಅದಕ್ಕೆ ತಿಳಿಯದು. ನಾನು ಬ್ರೌಸರಿನಲ್ಲಿ ಬರೆದ ಶುದ್ಧ ಕನ್ನಡವನ್ನು ಅವರು ಮತ್ತೆ ವೇಷದ ಕನ್ನಡಕ್ಕೆ ಇಳಿಸಬೇಕು. ಇಳಿಸುವಾಗ ಒತ್ತಕ್ಷರ ಕಳಚುತ್ತದೆ, ಅರ್ಕಾವತ್ತು ಜಾಗ ಬದಲಿಸುತ್ತದೆ. 'ರ‍್ಯಾಂಕ್' ಎಂದು ಬರೆಯಲು ರ ಅಕ್ಷರದ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಕೂಡುಗುರುತು ಇರಬೇಕು. ಪರಿವರ್ತನೆಯಲ್ಲಿ ಅದು ಉದುರಿ, ಪುಸ್ತಕದಲ್ಲಿ ಬೇರೆ ರೂಪವೇ ಕೂರುತ್ತದೆ. ನನ್ನ ಹಿಂದಿನ ಪುಸ್ತಕದಲ್ಲಿ ಇಂಥ ತಪ್ಪುಗಳನ್ನು ಹುಡುಕಿ ತಿದ್ದಲು ಮೂರು ಕರಡು ಬೇಕಾಯಿತು. ಆದರೂ ಆ ಡಿಟಿಪಿಯವರನ್ನು ನಾನು ದೂರುವುದಿಲ್ಲ. ಪದಗಳ ನಡುವಿನ ಜಾಗ, ಸಾಲಿನ ಕೊನೆಯಲ್ಲಿ ಪದ ಒಡೆಯುವ ರೀತಿ, ಪದ್ಯದ ಇಂಡೆಂಟು, ಪುಟದ ತಳದಲ್ಲಿ ಒಂಟಿ ಸಾಲು ಉಳಿಯದಂತೆ ನೋಡುವುದು, ಇಷ್ಟೂ ಅವರ ಕಣ್ಣಿನಲ್ಲಿದೆ. ಬ್ರೌಸರಿನ ಯಾವ ಬರವಣಿಗೆಯ ಹಾಳೆಯೂ ಅಂಥ ಪುಟ ಕಟ್ಟುವುದಿಲ್ಲ. ಪುಸ್ತಕದ ಪುಟಕ್ಕೆ ಡೆಸ್ಕ್‌ಟಾಪೇ ಬೇಕು. ಆದರೆ ಅದು ಯುನಿಕೋಡ್ ಬಲ್ಲ ಡೆಸ್ಕ್‌ಟಾಪ್ ಆಗಬೇಕು. ಇನ್‌ಡಿಸೈನ್ ಇದೆ, ಬಿಟ್ಟಿಯಾಗಿ ಸಿಗುವ ಸ್ಕ್ರೈಬಸ್ ಇದೆ. ಹಳೆಯ ಯಂತ್ರದಿಂದ ಕನ್ನಡ ಪುಸ್ತಕೋದ್ಯಮ ಹೊರಬರದಿದ್ದರೆ, ನಾವು ಅಚ್ಚು ಹಾಕಿದ ಸಾವಿರಾರು ಪುಸ್ತಕಗಳ ಕಡತಗಳು ಮುಂದಿನವರಿಗೆ ಓದಲು ಬಾರದ ಪಿ, ಎ, ಪೌಂಡ್‌ಗಳ ರಾಶಿಯಾಗಿ ಉಳಿಯುತ್ತವೆ. ಈ ಭಯ ನನಗೆ ದಿನವೂ ಇದೆ.

ನನ್ನ ಸ್ವಂತ ಬಾವಿಯೂ ಒಮ್ಮೆ ಬತ್ತಿದ್ದನ್ನು ಹೇಳದಿದ್ದರೆ ಮಾತು ಪೂರ್ತಿಯಾಗುವುದಿಲ್ಲ. ಎಂಟು ತಿಂಗಳು ಕೂತು ಬರೆದ ಕಾದಂಬರಿಯ ಅಧ್ಯಾಯಗಳು ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಇದ್ದವು. ಒಂದು ಬೆಳಗ್ಗೆ ಹಾರ್ಡ್‌ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿ ನಿಂತುಹೋಯಿತು. ನಕಲು ಇರಲಿಲ್ಲ. ಮತ್ತೆ ಬರೆದೆ, ಆದರೆ ಮೊದಲ ಸಲ ಬಂದ ಮಾತು ಎರಡನೆಯ ಸಲ ಬರಲಿಲ್ಲ. ಬಾವಿ ಇದ್ದರೆ ಸಾಲದು, ಅಪ್ಪನ ಹಾಗೆ ವರ್ಷವರ್ಷ ಹೂಳೆತ್ತಬೇಕು. ಅವತ್ತಿನಿಂದ ನಾನು ಜಾಲದಲ್ಲೂ ಬರೆಯುತ್ತೇನೆ, ಮನೆಯಲ್ಲೂ ಇಟ್ಟುಕೊಳ್ಳುತ್ತೇನೆ.

ಹೀಗೆ ಇಟ್ಟುಕೊಳ್ಳುವಾಗ ಒಂದು ಎಚ್ಚರ ಬೇಕು. ಗೂಗಲ್ ಡ್ರೈವನ್ನು ಕಂಪ್ಯೂಟರಿಗೆ ಜೋಡಿಸಿದರೆ ಡಾಕ್ಸ್‌ನ ದಾಖಲೆಗಳು ನಿಮ್ಮದೇ ಫೋಲ್ಡರಿನಲ್ಲಿ ಕೂತಂತೆ ಕಾಣುತ್ತವೆ. ಆದರೆ ಆ ಕಡತದೊಳಗೆ ನಿಮ್ಮ ಬರಹ ಇರುವುದಿಲ್ಲ, ಬರಹ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ಅದನ್ನು ಪೆನ್‌ಡ್ರೈವಿಗೆ ನಕಲು ಮಾಡಿದರೆ ವಿಳಾಸದ ಚೀಟಿ ನಕಲಾಯಿತೇ ಹೊರತು ಬರಹವಲ್ಲ. ಹಾಗೆಯೇ, ಗೂಗಲ್‌ನ ಖಾಸಗಿ ಖಾತೆಯನ್ನು ಎರಡು ವರ್ಷ ಯಾರೂ ಮುಟ್ಟದಿದ್ದರೆ ಅದನ್ನು ಅಳಿಸಬಹುದು ಎಂಬ ನಿಯಮ 2023ರ ಡಿಸೆಂಬರಿನಿಂದ ಜಾರಿಯಲ್ಲಿದೆ. ಲೇಖಕ ತೀರಿಕೊಂಡ ಮೇಲೆ ಅವನ ಪಾಸ್‌ವರ್ಡ್ ಮನೆಯವರಿಗೆ ಗೊತ್ತಿಲ್ಲದಿದ್ದರೆ? ನಮ್ಮ ಹಿರಿಯರ ಎಷ್ಟೋ ಹಸ್ತಪ್ರತಿಗಳು ಅಟ್ಟದ ಮೇಲಿನ ಟ್ರಂಕಿನಲ್ಲಿ ಸಿಕ್ಕಿವೆ. ಟ್ರಂಕಿನ ಬೀಗ ಒಡೆಯಬಹುದಿತ್ತು.

ಕಡತದ ಮಾದರಿಯೂ ಮುಖ್ಯ. ಓಪನ್‌ಡಾಕ್ಯುಮೆಂಟ್ ಎಂಬ ಮುಕ್ತ ಮಾದರಿ 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಮೈಕ್ರೋಸಾಫ್ಟ್‌ನ ಮಾದರಿಗೂ ಅದೇ ಮನ್ನಣೆ ಕೊಡಬೇಕೆಂಬ ಪ್ರಸ್ತಾಪ ಬಂದಾಗ ಭಾರತ ವಿರುದ್ಧ ಮತ ಹಾಕಿತ್ತು. ಆದರೂ 2008ರಲ್ಲಿ ಅದು ಅಂಗೀಕಾರವಾಯಿತು. ಆ ಮತ ಹಾಕಿದ ನಮ್ಮ ತಜ್ಞರ ಬಗ್ಗೆ ನನಗೆ ಹೆಮ್ಮೆ. ಯಾವ ಕಂಪನಿ ಇರಲಿ ಹೋಗಲಿ, ಓಪನ್‌ಡಾಕ್ಯುಮೆಂಟ್ ಕಡತವನ್ನು ತೆರೆಯುವ ವಿಧಾನ ಬಹಿರಂಗವಾಗಿ ಬರೆದಿಟ್ಟಿದೆ. ಲಿಬ್ರೆ ಆಫೀಸ್ ದುಡ್ಡಿಲ್ಲದೆ ಸಿಗುತ್ತದೆ, ನೆಟ್ ಇಲ್ಲದೆ ನಡೆಯುತ್ತದೆ, ಅದರಲ್ಲಿ ಈ ಕಡತ ಹಾಯಾಗಿ ತೆರೆಯುತ್ತದೆ. ಅಕ್ಕನ ಮಗಳ ಲ್ಯಾಪ್‌ಟಾಪಿಗೆ ಅದನ್ನು ನಾನೇ ಹಾಕಿಕೊಟ್ಟೆ. ಅವಳು ಈಗಲೂ ಬರೆಯುವುದು ಬ್ರೌಸರಿನಲ್ಲೇ, ಹಾಗೇ ಬರೆಯಲಿ. ಸೆಮಿಸ್ಟರ್ ಮುಗಿದ ದಿನ ಎಲ್ಲವನ್ನೂ ಇಳಿಸಿ ಇಟ್ಟುಕೊಳ್ಳುತ್ತಾಳೆ.

ನಿಮ್ಮಲ್ಲೂ ನನ್ನದೊಂದು ಕೇಳಿಕೆ. ಈ ಭಾನುವಾರ ಒಂದು ಗಂಟೆ ಎತ್ತಿಡಿ. ಜಾಲದಲ್ಲಿರುವ ನಿಮ್ಮ ಬರಹ, ಸಂಘದ ಲೆಕ್ಕ, ಅಜ್ಜಿಯಿಂದ ಕೇಳಿ ಬರೆದುಕೊಂಡ ಹಾಡು, ಒಂದೊಂದನ್ನೂ ತೆರೆದು ಫೈಲ್ ಎಂಬಲ್ಲಿ ಡೌನ್‌ಲೋಡ್ ಒತ್ತಿ. ಓಪನ್‌ಡಾಕ್ಯುಮೆಂಟ್ ರೂಪದಲ್ಲಿ ಒಂದು, ಪಿಡಿಎಫ್ ರೂಪದಲ್ಲಿ ಒಂದು ಇಳಿಸಿಕೊಳ್ಳಿ. ಬಹಳ ಇದ್ದರೆ ಗೂಗಲ್ ಟೇಕ್‌ಔಟ್‌ನಲ್ಲಿ ಎಲ್ಲವನ್ನೂ ಒಂದೇ ಸಲಕ್ಕೆ ತರಿಸಿಕೊಳ್ಳಬಹುದು. ಎರಡು ಬೇರೆ ಬೇರೆ ಡಿಸ್ಕಿಗೆ ಹಾಕಿ, ಒಂದನ್ನು ಮನೆಯಲ್ಲಿ, ಇನ್ನೊಂದನ್ನು ನೆಂಟರ ಮನೆಯಲ್ಲಿ ಇಡಿ. ಅದು ಯಾವ ಬೀರುವಿನ ಯಾವ ಖಾನೆಯಲ್ಲಿದೆ ಎಂದು ಮನೆಯ ಒಬ್ಬರಿಗಾದರೂ ಹೇಳಿಡಿ.